ಕೊಡಗಿನ ಪಾಕವರ್ಣನೆಯಲ್ಲಿ ಔಚಿತ್ಯ

ಕಾವ್ಯಮೀಮಾಂಸೆಯ ಮೂಲಪದವಾದ ‘ರಸ’ವು ಅಡುಗೆಮನೆಗೆ ನೆರೆಯದೆಂಬುದನ್ನು ಅಲಂಕಾರಶಾಸ್ತ್ರವನ್ನೋದಿದವರು ಬಲ್ಲರು. ಭರತಮುನಿಯು ನಾಟ್ಯಶಾಸ್ತ್ರದ ೬ನೆಯ ಅಧ್ಯಾಯದಲ್ಲಿ ರಸನಿಷ್ಪತ್ತಿಯನ್ನು ವಿವರಿಸಹೊರಟಾಗ ದೃಷ್ಟಾಂತಕ್ಕಾಗಿ ಆರಿಸಿಕೊಂಡದ್ದು ಪಾಕವನ್ನೇ. ನಾನಾ ವ್ಯಂಜನಗಳೂ ಓಷಧಿಗಳೂ ದ್ರವ್ಯಗಳೂ ಕೂಡಿದಾಗ ಹೇಗೆ ಒಂದು ಸವಿಯು ಹುಟ್ಟುವುದೋ, ಉಣ್ಣುವ ಸುಮನಸ್ಕನು ಅದನ್ನು ಹೇಗೆ ಆಸ್ವಾದಿಸುವನೋ, ಹಾಗೆಯೇ ಭಾವಗಳು ಕೂಡಿದಾಗ ಪ್ರೇಕ್ಷಕನಿಗೆ ರಸವು ಲಭಿಸುವುದೆಂದು ಆತನ ಅಭಿಪ್ರಾಯ. ಸಾಹಿತ್ಯವು ಪಾಕದಿಂದ ಸಾಲವನ್ನು ಪಡೆದು ಹೀಗೆ ಬಹುಕಾಲವಾಯಿತು. ಪಾಕವನ್ನು ಕುರಿತ ಬರಹಗಳನ್ನು ಸಾಹಿತ್ಯದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಆ ಸಾಲವು ಸ್ವಲ್ಪಮಟ್ಟಿಗಾದರೂ ತೀರೀತು.

ಇಂತಹ ಪರೀಕ್ಷೆಗೆ ತಕ್ಕ ಒರೆಗಲ್ಲು ಕ್ಷೇಮೇಂದ್ರನ ಔಚಿತ್ಯವಿಚಾರ. ೧೧ನೆಯ ಶತಮಾನದ ಈ ಕಾಶ್ಮೀರ ಪಂಡಿತನು ಯಾವುದು ಯಾವುದಕ್ಕೆ ತಕ್ಕುದೋ ಅದನ್ನು ಅಲ್ಲಿಯೇ ಇರಿಸುವುದು ಕಾವ್ಯದ ಜೀವವೆಂದು ಸಾಧಿಸಿದನು. ಕಂಠಕ್ಕೆ ಡಾಬನ್ನೂ ನಡುವಿಗೆ ಹಾರವನ್ನೂ ಕಟ್ಟಿಕೊಂಡರೆ ಆಭರಣಗಳು ಚಿನ್ನದವೇ ಆದರೂ ನೋಡಿದವರು ನಗದಿರರು. ಬೆಟ್ಟದ ನಾಡೊಂದರ ಊಟವನ್ನು ಬಯಲುಸೀಮೆಯ ಜನರಿಗೆ ಬಣ್ಣಿಸುವಾಗ ಇಂತಹ ಸ್ಥಾನಪಲ್ಲಟವು ಪದೇಪದೇ ಆಗುತ್ತದೆ. ಕನ್ನಡಿಗರಿಗೆ ನೆರೆಯ ನಾಡಾಗಿದ್ದೂ ಬೆಟ್ಟ ಕಾಡು ಮಳೆಗಳ ದೆಸೆಯಿಂದ ಬಹುಕಾಲ ದುರ್ಗಮವಾಗಿಯೇ ಉಳಿದಿದ್ದ ಕೊಡಗು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕೊಡಗಿನ ಊಟೋಪಚಾರಗಳನ್ನು ಕುರಿತ ಬರಹಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಆಡಳಿತಕ್ಕಾಗಿ ಪರದೇಶೀಯರು ಬರೆದ ವಿವರಣಗ್ರಂಥಗಳು ಮೊದಲನೆಯವು. ನಾಡವರೇ ತಮ್ಮ ಹಾಡುಪಾಡುಗಳನ್ನೂ ಪದ್ಧತಿಗಳನ್ನೂ ಕೂಡಿಟ್ಟ ಸಂಗ್ರಹಗಳು ಎರಡನೆಯವು. ಈಚಿನ ದಿನಗಳಲ್ಲಿ ಬಹುಸಂಖ್ಯೆಯಲ್ಲಿ ಹೊರಬರುತ್ತಿರುವ ಪಾಕಪುಸ್ತಕಗಳೂ ಪ್ರವಾಸಲೇಖನಗಳೂ ಮೂರನೆಯವು. ಮೂರರಲ್ಲಿಯೂ ಗುಣವುಂಟು, ಮೂರರಲ್ಲಿಯೂ ಕೊರತೆಯುಂಟು. ಆದರೆ ಕೊರತೆಗಳು ಒಂದೇ ಬಗೆಯವಲ್ಲ.

ಮೊದಲ ವರ್ಗಕ್ಕೆ ರಿಕ್ಟರ್ ಪಾದ್ರಿಯು ೧೮೭೦ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕೊಡಗಿನ ಕೈಪಿಡಿಯು ಉದಾಹರಣೆ. ಅದರ ಹೆಸರಿನಲ್ಲಿಯೇ ನಾಡಿನ ನೈಸರ್ಗಿಕ ಲಕ್ಷಣಗಳು ಒಂದು ಕಡೆ, ನಿವಾಸಿಗಳ ಸಾಮಾಜಿಕ ರಾಜಕೀಯ ಸ್ಥಿತಿಗತಿಗಳು ಇನ್ನೊಂದು ಕಡೆ ಎಂಬ ವಿಭಾಗವು ಕಾಣುತ್ತದೆ. ಆಡಳಿತಗಾರನಿಗೆ ಈ ವಿಭಾಗವು ಅನುಕೂಲವಾದೀತು. ಆದರೆ ಊಟವೆಂಬುದು ಈ ಎರಡರ ನಡುವಣ ಗಡಿಯಲ್ಲಿ ಹುಟ್ಟತಕ್ಕ ವಸ್ತು. ಮಳೆಯು ಒಂದು ಪ್ರಕರಣದಲ್ಲಿ, ಮರಗಿಡಗಳು ಮತ್ತೊಂದರಲ್ಲಿ, ಜನರ ಆಚಾರವು ಮಗದೊಂದರಲ್ಲಿ ಹಂಚಿಹೋದರೆ, ಆ ಮಳೆಯಲ್ಲಿಯೇ ಆ ಮರದ ಹಣ್ಣನ್ನು ಈ ಜನರು ಏಕೆ ಆಯುವರೆಂಬುದು ಯಾವ ಪ್ರಕರಣದಲ್ಲಿಯೂ ಸಿಕ್ಕುವುದಿಲ್ಲ. ಅಂಗಗಳೆಲ್ಲವೂ ಇದ್ದು ಅಂಗಿಯು ಕಾಣದಂತಾಗುವುದು ಈ ವರ್ಗದ ದೋಷ.

ಮೂರನೆಯ ವರ್ಗದ ದೋಷವು ಹೆಸರಿನಿಂದಲೇ ಆರಂಭವಾಗುತ್ತದೆ. ಕುಂತಕನು ವಕ್ರೋಕ್ತಿಜೀವಿತದಲ್ಲಿ ಪರ್ಯಾಯವಕ್ರತೆಯನ್ನು ಹೇಳುವಾಗ ತೋರಿಸಿಕೊಟ್ಟ ಸಂಗತಿಯೆಂದರೆ, ಒಂದೇ ವಸ್ತುವಿಗೆ ಅನೇಕ ಹೆಸರುಗಳಿದ್ದರೂ ಪ್ರಕರಣಕ್ಕೆ ಒಪ್ಪತಕ್ಕದ್ದು ಒಂದೇ ಎಂಬುದು. ಕೊಡಗಿನಲ್ಲಿ ಅಕ್ಕಿಯೊಂದೇ ನಾಲ್ಕಾರು ರೂಪಗಳನ್ನು ತಳೆಯುತ್ತದೆ. ಅಕ್ಕಿಯ ತರಿಯನ್ನು ನೀರಿನಲ್ಲಿ ಬೇಯಿಸಿ ಉಂಡೆಕಟ್ಟಿ ಮತ್ತೆ ಹಬೆಯಲ್ಲಿಟ್ಟರೆ ಅದು ಕಡಂಬುಟ್ಟು. ಅದೇ ತರಿಯನ್ನು ಹಾಲು ಕಾಯಿತುರಿಗಳೊಡನೆ ಬೆರಸಿ ತಟ್ಟೆಯಲ್ಲಿ ಹರಡಿ ಹಬೆಗಿಟ್ಟರೆ ಪಾಪುಟ್ಟು. ಹಿಟ್ಟನ್ನು ಬೇಯಿಸಿ ಒತ್ತಿ ಎಳೆಯಾಗಿ ಇಳಿಸಿದರೆ ನೂಪುಟ್ಟು. ಅನ್ನವನ್ನೂ ಹಿಟ್ಟನ್ನೂ ಕೂಡಿಸಿ ನಾದಿ ತಟ್ಟಿ ಸುಟ್ಟರೆ ಅಕ್ಕಿ ಒಟ್ಟಿ. ಇವುಗಳ ಜೊತೆಯ ವ್ಯಂಜನಗಳೂ ಬೇರೆಬೇರೆ. ಕಡಂಬುಟ್ಟಿಗೆ ಪಂದಿ ಕರಿ, ನೂಪುಟ್ಟಿಗೆ ಕೋಳಿಯ ಸಾರು ಎಂಬ ಜೋಡಿಯು ಶಬ್ದಾರ್ಥಗಳ ಸಾಹಿತ್ಯದಷ್ಟೇ ನಿಯತವಾದುದು. ಪಾಕಪುಸ್ತಕಗಳಲ್ಲಿ ಇವೆಲ್ಲವೂ ‘ಅಕ್ಕಿಯ ಕಡುಬು’, ‘ಅಕ್ಕಿಯ ಇಡ್ಲಿ’, ‘ಶಾವಿಗೆ’ ಎಂದು ಬಯಲುಸೀಮೆಯ ಪರಿಚಿತ ಪದಗಳಾಗಿ ಮಾರ್ಪಡುತ್ತವೆ. ವಾಚಕನಿಗೆ ಸುಲಭವಾಗಲೆಂಬ ಉದ್ದೇಶವು ಒಳ್ಳೆಯದೇ. ಆದರೆ ಸುಲಭವಾದುದು ವಾಚಕನ ಮನೆಯ ಅಡುಗೆ, ಕೊಡಗಿನ ಅಡುಗೆಯಲ್ಲ.

ಇದಕ್ಕಿಂತಲೂ ಶೋಚನೀಯವಾದುದು ಕಾಚಂಪುಳಿಯ ಗತಿ. ಕೊಡವರು ಪಣಂಪುಳಿಯೆಂದೂ ಕನ್ನಡಿಗರು ಉಪ್ಪಾಗೆಯೆಂದೂ ಕರೆಯುವ ಕಾಡುಮರವೊಂದುಂಟು. ಅದರ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿ ಇಡೋಣವೆಂದರೆ ಆ ತಿಂಗಳುಗಳಲ್ಲಿ ಬಿಸಿಲೇ ದುರ್ಲಭ. ಆದಕಾರಣ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿ ಕೆಳಗೊಂದು ಪಾತ್ರೆಯನ್ನಿಡುವರು. ಹಣ್ಣು ಕರಗಿ ತೊಟ್ಟಿಕ್ಕಿದ ರಸವನ್ನು ಒಲೆಯ ಮೇಲೆ ಬಹಳ ಹೊತ್ತು ಕುದಿಸಿ, ಕಪ್ಪಾಗಿ ಮಂದವಾಗುವವರೆಗೆ ಇಂಗಿಸುವರು. ಹೀಗೆ ಸಿದ್ಧವಾದುದು ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ, ಮತ್ತು ಚಮಚದಷ್ಟರಿಂದಲೇ ಒಂದು ಪಾತ್ರೆಯ ಪಲ್ಯಕ್ಕೆ ಹುಳಿಯನ್ನೂ ಬಣ್ಣವನ್ನೂ ಕೊಡುತ್ತದೆ. ಮಾಂಸವನ್ನು ಕೆಡದಂತೆ ಕಾಯುವುದೂ ಕೊಬ್ಬಿನ ಜಿಡ್ಡನ್ನು ಮುರಿಯುವುದೂ ಇದರ ಕೆಲಸ. ಬಿಸಿಲಿಲ್ಲದ ನಾಡು ಬಿಸಿಲಿನ ಕೆಲಸವನ್ನು ಒಲೆಯಿಂದ ಮಾಡಿಸಿಕೊಂಡ ಬುದ್ಧಿಯು ಈ ಒಂದು ಪದದಲ್ಲಿ ಅಡಗಿದೆ. ಪಾಕಪುಸ್ತಕಗಳಾದರೋ ‘ಕಾಚಂಪುಳಿ ದೊರೆಯದಿದ್ದರೆ ವಿನಿಗರ್ ಅಥವಾ ಹುಣಿಸೆಯ ರಸ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅಡುಗೆ ಮಾಡುವವರಿಗೆ ಪ್ರತಿನಿಧಿದ್ರವ್ಯವನ್ನು ಹೇಳುವುದು ತಪ್ಪಲ್ಲ. ವೈದ್ಯಶಾಸ್ತ್ರದಲ್ಲಿಯೂ ಯಜ್ಞಶಾಸ್ತ್ರದಲ್ಲಿಯೂ ಪ್ರತಿನಿಧಿಯುಂಟು. ಆದರೆ ಮುಖ್ಯವು ಯಾವುದೆಂದು ತಿಳಿಸಿದ ಮೇಲೆ ಪ್ರತಿನಿಧಿಯನ್ನು ಹೇಳುವುದು ಶಾಸ್ತ್ರಕ್ರಮ. ಮುಖ್ಯದ ಪರಿಚಯವೇ ಇಲ್ಲದೆ ಪ್ರತಿನಿಧಿಯು ಬಂದು ಕುಳಿತರೆ ಎರಡು ತಲೆಮಾರಿನೊಳಗೆ ಅದೇ ಮುಖ್ಯವಾಗುತ್ತದೆ.

ಎರಡನೆಯ ಪ್ರಶ್ನೆಯು ಕಾಲೌಚಿತ್ಯಕ್ಕೆ ಸೇರಿದುದು. ಕೊಡಗಿನ ವರ್ಷವು ಭತ್ತದ ವರ್ಷ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ಜನರು ಸುರಿಯುವ ಮಳೆಯಲ್ಲಿ ಕೆಸರಿನೊಳಗೆ ನಿಂತು ನಾಟಿಯನ್ನು ನಡೆಸುವರು. ಆಗ ಕಾಡೇ ಅವರ ಕಣಜ. ಬಿದಿರಿನ ಎಳೆಯ ಕಳಲೆಯಾದ ಬೈಂಬಳೆ, ಕುಮ್ಮು ಎಂಬ ಅಣಬೆ, ತೆರ್ಮೆ ಎಂಬ ಜರೀಸೊಪ್ಪಿನ ಕುಡಿ, ಕೆಂಬು ಎಂಬ ಕೆಸುವು, ಗದ್ದೆಯ ಏಡಿ, ಇವೆಲ್ಲವೂ ಮಳೆಯೇ ತಂದೊಪ್ಪಿಸುವ ಪದಾರ್ಥಗಳು. ಕಕ್ಕಡದ ೧೮ನೆಯ ದಿನ, ಎಂದರೆ ಸಾಮಾನ್ಯವಾಗಿ ಆಗಸ್ಟ್ ೩ರಂದು, ಮದ್ದ್ ತೊಪ್ಪನ್ನು ತಂದು ಕುದಿಸಿ, ಅದರ ಕಡುನೇರಳೆ ಬಣ್ಣದ ಕಷಾಯದಲ್ಲಿ ಅಕ್ಕಿ ಬೆಲ್ಲಗಳ ಪಾಯಸವನ್ನು ಮಾಡುವರು. ಆ ದಿನ ಸೊಪ್ಪಿನಲ್ಲಿ ೧೮ ಬಗೆಯ ಔಷಧಿಗಳು ನೆಲಸಿರುತ್ತವೆಂದು ನಾಡಿನ ನಂಬುಗೆ. ನಾಟಿಯು ಮುಗಿದ ತರುವಾಯ ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಬೇಸಾಯದ ದಿನಗಳಲ್ಲಿ ಬದಿಗಿಟ್ಟಿದ್ದ ಆಯುಧಗಳಿಗೆ ಆ ದಿನ ಪೂಜೆ, ಮನೆಯಲ್ಲಿ ಕಡಂಬುಟ್ಟು ಮತ್ತು ಪಂದಿ ಕರಿ. ಕೊಯ್ಲಿನ ಹೊತ್ತಿಗೆ ಪುತ್ತರಿ. ಹುಣ್ಣಿಮೆಯ ಸುಮಾರಿನ ರಾತ್ರಿಯಲ್ಲಿ ‘ಪೊಲಿ ಪೊಲಿ ದೇವ’ ಎಂಬ ಕೂಗಿನೊಡನೆ ಕದಿರನ್ನು ಕೊಯ್ದು ತಂದ ಮೇಲೆ, ಹುರಿದ ಅಕ್ಕಿಯ ಹಿಟ್ಟನ್ನು ಬಾಳೆಯ ಹಣ್ಣಿನೊಡನೆ ಕಿವುಚಿದ ತಂಬುಟ್ಟು. ಕನ್ನಡ ವಾಚಕರು ಪಂಜೆ ಮಂಗೇಶರಾಯರ ಹುತ್ತರಿ ಹಾಡಿನಿಂದ ಈ ಹಬ್ಬದ ಹೆಸರನ್ನು ಬಲ್ಲರು. ಆ ರಾತ್ರಿ ಎಲೆಯ ಮೇಲೆ ಏನು ಬೀಳುವುದೆಂಬುದನ್ನು ಬಲ್ಲವರು ಕಡಿಮೆ.

ನೆಡುವುದು, ವಿರಮಿಸುವುದು, ಕೊಯ್ಯುವುದು ಎಂಬ ಮೂರು ಅಂಕಗಳ ಈ ನಾಟಕದಲ್ಲಿ ಒಂದೊಂದು ಭಕ್ಷ್ಯವೂ ತನ್ನ ಪ್ರವೇಶಕಾಲವನ್ನು ಅರಿತ ಪಾತ್ರದಂತೆ ಬರುತ್ತದೆ. ಪಾಕಪುಸ್ತಕವು ಇವನ್ನು ಅಕಾರಾದಿಯಾಗಿಯೋ, ಸಿಹಿ ಖಾರ ಎಂಬ ವಿಂಗಡಣೆಯಿಂದಲೋ ಜೋಡಿಸಿದಾಗ ನಾಟಕವು ಹೋಗಿ ಪಾತ್ರಧಾರಿಗಳ ಪಟ್ಟಿಯು ಉಳಿಯುತ್ತದೆ. ‘ಅಡುಗೆಗೆ ಅಳತೆಯು ಬೇಕು, ಪಂಚಾಂಗವೇತಕ್ಕೆ?’ ಎಂದು ಕೇಳುವವರುಂಟು. ಪಾಯಸಕ್ಕೆ ಎಷ್ಟು ಬೆಲ್ಲವೆಂಬುದು ಅಳತೆಯಿಂದ ತಿಳಿದೀತು. ವರ್ಷದಲ್ಲಿ ಒಂದು ದಿನ ಮನೆಮಂದಿಯೆಲ್ಲರೂ ಏಕೆ ನೇರಳೆಯ ಪಾಯಸವನ್ನುಣ್ಣುವರೆಂಬುದು ಅಳತೆಯಿಂದ ತಿಳಿಯದು. ಅದು ತಿಳಿಯದಿದ್ದರೆ ಮೊಮ್ಮಗಳು ಆ ಪಾಯಸವನ್ನು ಮಾಡುವುದೂ ಇಲ್ಲ.

ಇನ್ನು ವಿದ್ಯಾವಂತ ಕುಟುಂಬಗಳಲ್ಲಿ ಸಂಕೋಚವನ್ನುಂಟುಮಾಡತಕ್ಕ ವಿಷಯವೊಂದಿದೆ. ಅದನ್ನು ಮರೆಮಾಚಿದರೆ ವಿಮರ್ಶೆಯು ಪ್ರಾಮಾಣಿಕವಾಗಲಾರದು. ಕನ್ನಡದ ಪಾಕಸಾಹಿತ್ಯದಲ್ಲಿ ಪ್ರಸಿದ್ಧವಾದ ಸೂಪಶಾಸ್ತ್ರವನ್ನು ೧೬ನೆಯ ಶತಮಾನದ ಆದಿಯಲ್ಲಿ ರಚಿಸಿದ ಮೂರನೆಯ ಮಂಗರಸನು ಜೈನನು. ಅವನ ಗ್ರಂಥದಲ್ಲಿ ಸಸ್ಯಾಹಾರವಲ್ಲದೆ ಬೇರೆಯಿಲ್ಲ. ಆ ಸಂಪ್ರದಾಯದಲ್ಲಿ ಬೆಳೆದವರು ಕೊಡಗಿನ ವರಾಹಮಾಂಸದ ಪ್ರಸ್ತಾಪ ಬಂದೊಡನೆ ಪುಟವನ್ನು ಮಗುಚುವುದು ಸಹಜ. ಆದರೆ ಪುಟವನ್ನು ಮಗುಚುವವರು ಶಾಸ್ತ್ರದ ಆಸರೆಯನ್ನು ಹಿಡಿಯುವುದಾದರೆ ಶಾಸ್ತ್ರವನ್ನು ಪೂರ್ಣವಾಗಿ ನೋಡಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗಪ್ರಕರಣದಲ್ಲಿ ಹಂದಿಯ ಕೂದಲನ್ನು ತೆಗೆಯುವ ಬಗೆಯಿಂದ ಮೊದಲುಗೊಂಡು ಅದರ ಪಾಕವು ವರ್ಣಿತವಾಗಿದೆ. ಮನುಸ್ಮೃತಿಯ ೩ನೆಯ ಅಧ್ಯಾಯದಲ್ಲಿ ಪಿತೃಗಳಿಗೆ ಯಾವ ಹವಿಸ್ಸಿನಿಂದ ಎಷ್ಟು ಕಾಲ ತೃಪ್ತಿಯೆಂದು ಎಣಿಸುವಲ್ಲಿ ವರಾಹಮಾಂಸವೂ ಸೇರಿದೆ. ಶ್ರಾದ್ಧದಲ್ಲಿ ಮಾಂಸವು ಕಲಿವರ್ಜ್ಯವೆಂದು ಮುಂದಿನ ನಿಬಂಧಕಾರರು ನಿರ್ಣಯಿಸಿದರೆಂಬುದೂ ಸತ್ಯವೇ. ಕೊಡವರು ತಮ್ಮ ಕಾರಣರಿಗೆ, ಎಂದರೆ ಗತಿಸಿದ ಹಿರಿಯರಿಗೆ, ಮೀದಿಯೆಂದು ಆಹಾರವನ್ನು ಎಡೆಯಿಡುವಾಗ ಮಾಂಸವನ್ನೂ ಇಡುತ್ತಾರೆ. ಇದನ್ನು ಅನಾಗರಿಕವೆನ್ನುವವರು, ಒಂದು ಕಡೆ ನಿಂತುಹೋದುದು ಇನ್ನೊಂದು ಕಡೆ ನಡೆದುಬಂದಿತೆಂಬ ಅಷ್ಟೇ ಮಾತನ್ನು ಮರೆಯುತ್ತಾರೆ. ತಾನು ಉಣ್ಣದಿರುವುದು ಅವರವರ ವ್ರತ. ಇತರರು ಉಣ್ಣುವುದನ್ನು ಅರಿಯದಿರುವುದು ವ್ರತವಲ್ಲ, ಅಜ್ಞಾನ.

ಈ ವಿಷಯದಲ್ಲಿ ಪಂಡಿತಲೋಕಕ್ಕೆ ದಾರಿಯನ್ನು ತೋರಿಸಿದವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ೧೯೫೨ರಲ್ಲಿ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ ಅವರು ‘ಸಂಸ್ಕೃತೀಕರಣ’ವೆಂಬ ಪರಿಭಾಷೆಯನ್ನು ಮುಂದಿಟ್ಟರು. ಜನವರ್ಗಗಳು ಸಮಾಜದಲ್ಲಿ ಮೇಲೇರಲು ಮಾಂಸಮದ್ಯಗಳನ್ನು ಬಿಟ್ಟು ಮೇಲಿನವರ ಆಚಾರವನ್ನು ಅನುಸರಿಸುವ ಕ್ರಮಕ್ಕೆ ಆ ಹೆಸರು. ಕೊಡಗಿನಲ್ಲಿಯೇ ಮಾಂಸವನ್ನು ವರ್ಜಿಸಿ ಯಜ್ಞೋಪವೀತವನ್ನು ಧರಿಸುವ ಅಮ್ಮ ಕೊಡವರೂ ಇದ್ದಾರೆ. ಆದುದರಿಂದ ಊಟದ ವಿಷಯದಲ್ಲಿ ಏನನ್ನು ಬರೆಯುವುದು, ಏನನ್ನು ಬಿಡುವುದು ಎಂಬುದು ಬರಿಯ ರುಚಿಯ ಮಾತಲ್ಲ. ಬಿಟ್ಟ ಪ್ರತಿಯೊಂದು ಪದದ ಹಿಂದೆಯೂ ಒಂದು ತಾರತಮ್ಯವು ನಿಂತಿರುತ್ತದೆ.

ಆದರೆ ಈಗಿನ ಕಾಲದ ದೋಷವು ಇದಕ್ಕೆ ವಿಪರೀತವಾದುದು. ಮೊದಲು ಮಾಂಸವನ್ನು ಮುಚ್ಚಿಟ್ಟರು. ಈಗ ಮಾಂಸವೊಂದನ್ನೇ ಮೆರೆಸುತ್ತಾರೆ. ನಗರದ ಊಟದ ಮನೆಗಳ ಫಲಕಗಳಲ್ಲಿಯೂ ಪ್ರವಾಸಲೇಖನಗಳಲ್ಲಿಯೂ ಕೊಡಗು ಎಂದರೆ ಪಂದಿ ಕರಿ ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಬೈಂಬಳೆ, ಕುಮ್ಮು, ತೆರ್ಮೆ, ಕಾಡುಮಾವಿನ ಪಳದ್ಯ, ಕಾವೇರಿ ಸಂಕ್ರಮಣದ ದಿನದ ನಿರಾಮಿಷ ಭೋಜನ, ಇವಾವುವೂ ಅಲ್ಲಿ ಕಾಣವು. ಆಲಂಕಾರಿಕರ ಭಾಷೆಯಲ್ಲಿ ಮೊದಲನೆಯದು ನ್ಯೂನಪದದೋಷ, ಎರಡನೆಯದು ಒಂದು ಅಂಗವನ್ನು ಅತಿಯಾಗಿ ವಿಸ್ತರಿಸುವ ದೋಷ. ಎರಡರಿಂದಲೂ ರಸಭಂಗವೇ ಫಲ.

ಇಷ್ಟೂ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ವರ್ಗದ ಗ್ರಂಥವನ್ನು ನೋಡತಕ್ಕದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯು ಕೊಡವ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾದ ಮಹತ್ತರ ಸಂಗ್ರಹ. ಹಬ್ಬ, ಮದುವೆ, ಜನನ, ಮರಣಗಳ ಪದ್ಧತಿಗಳೂ ಅವುಗಳಲ್ಲಿ ಹಾಡತಕ್ಕ ಹಾಡುಗಳೂ ಗಾದೆಗಳೂ ಅದರಲ್ಲಿ ಸೇರಿವೆ. ೨೦೦೩ರಲ್ಲಿ ಅದರ ಆಂಗ್ಲಾನುವಾದವನ್ನು ಹೊರತಂದವರು ಅವರ ಮೊಮ್ಮಕ್ಕಳೇ. ಅದು ಪಾಕಗ್ರಂಥವಲ್ಲ, ಆಗಬೇಕೆಂಬ ಉದ್ದೇಶವೂ ಸಂಗ್ರಾಹಕರಿಗೆ ಇರಲಿಲ್ಲ. ಆದರೂ ಊಟದ ವಿಷಯದಲ್ಲಿ ಔಚಿತ್ಯವನ್ನು ಅರಿಯಬೇಕಾದವನು ಅಲ್ಲಿಗೇ ಹೋಗಬೇಕು. ಅಲ್ಲಿ ಅಕ್ಕಿಯು ಸೇರು ಪಾವುಗಳ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬದ ವಿಧಿಯೊಳಗೆ, ಹಿರಿಯರ ಹೆಸರಿನೊಡನೆ, ಒಕ್ಕದ ಐನ್‌ಮನೆಯಲ್ಲಿ ಉರಿಯುವ ದೀಪದ ಕೆಳಗೆ ಬರುತ್ತದೆ. ಯಾವುದು ಎಲ್ಲಿರಬೇಕೋ ಅಲ್ಲಿಯೇ ಇದೆ. ಸಂಗ್ರಹದ ಕೊರತೆಯೂ ಅಲ್ಲಿಯೇ ಉಂಟು. ಆ ವಿಧಿಗಳನ್ನು ಬಲ್ಲವರಿಗಾಗಿ ಬರೆದ ಗ್ರಂಥವಾದುದರಿಂದ ಒಲೆಯ ಮುಂದೆ ನಿಂತ ಹೊಸಬಳಿಗೆ ಅದು ನೆರವಾಗದು. ಪಳಮೆಯು ‘ಎಂದು, ಏಕೆ’ ಎಂಬುದನ್ನು ಹೇಳಿ ‘ಎಷ್ಟು, ಹೇಗೆ’ ಎಂಬುದನ್ನು ಮನೆಗೆ ಬಿಟ್ಟಿತು. ಪಾಕಪುಸ್ತಕವು ‘ಎಷ್ಟು, ಹೇಗೆ’ ಎಂಬುದನ್ನು ಹೇಳಿ ‘ಎಂದು, ಏಕೆ’ ಎಂಬುದನ್ನು ಕೈಬಿಟ್ಟಿತು. ಮನೆಯು ಹೇಳಿಕೊಡುತ್ತಿದ್ದಷ್ಟು ಕಾಲ ಮೊದಲಿನದರಿಂದ ಹಾನಿಯಿರಲಿಲ್ಲ. ಮಕ್ಕಳು ದೂರದ ಊರುಗಳಲ್ಲಿ ನೆಲಸಿದ ಮೇಲೆ ಎರಡರಿಂದಲೂ ಹಾನಿಯಿದೆ.

ಈ ಹಾನಿಯು ಬರಿಯ ರುಚಿಗೆ ಮಾತ್ರ ಸಂಬಂಧಿಸಿದುದಲ್ಲ. ಹಸಿಯ ಕಳಲೆಯಲ್ಲಿ ವಿಷಕಾರಿಯಾದ ಅಂಶವಿರುತ್ತದೆ. ಅದನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ನೀರನ್ನು ಮತ್ತೆಮತ್ತೆ ಚೆಲ್ಲಿ, ಚೆನ್ನಾಗಿ ಬೇಯಿಸಿದ ಮೇಲೆಯೇ ಉಣ್ಣತಕ್ಕದ್ದು. ಅಣಬೆಯಲ್ಲಿ ಉಣ್ಣಬಹುದಾದುದು ಯಾವುದು, ಪ್ರಾಣಕ್ಕೆ ಎರವಾಗುವುದು ಯಾವುದು ಎಂಬ ವಿವೇಕವು ಪುಸ್ತಕದ ಚಿತ್ರದಿಂದ ಬರುವಂತಹುದಲ್ಲ. ಈ ಜ್ಞಾನವನ್ನು ಕಾಯ್ದುಕೊಂಡು ಬಂದವರಲ್ಲಿ ಐನ್‌ಮನೆಯ ಹೆಂಗಸರಿರುವಂತೆಯೇ ಕಾಡನ್ನು ಬಲ್ಲ ಯರವರೂ ಕುರುಬರೂ ಇದ್ದಾರೆ. ಪಾಕಪುಸ್ತಕಗಳಲ್ಲಿ ಇವರ ಹೆಸರು ಬಾರದು. ಕಾವ್ಯವನ್ನು ಮುದ್ರಿಸಿ ಕವಿಯನ್ನು ಬಿಡುವ ಪ್ರಕಾಶಕನನ್ನು ಸಾಹಿತ್ಯಲೋಕವು ಕ್ಷಮಿಸುವುದಿಲ್ಲ. ಪಾಕದ ವಿಷಯದಲ್ಲಿ ಮಾತ್ರ ಆ ನ್ಯಾಯವು ಏಕೆ ಸಲ್ಲದು?

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲವೂ ಹಾಗೆಯೇ ನಿಲ್ಲಬೇಕೆಂದು ಅರ್ಥವಲ್ಲ. ಔಚಿತ್ಯವೇ ದೇಶಕಾಲಗಳನ್ನು ಅನುಸರಿಸುವುದು. ೧೮೫೪ರಲ್ಲಿ ಮಡಿಕೇರಿಯ ಬಳಿ ಆಂಗ್ಲೇಯನ ಕಾಫಿಯ ತೋಟವು ಹುಟ್ಟಿದುದು ಮೊದಲಾಗಿ ಬೆಟ್ಟದ ಬೆಳೆಯು ಬದಲಾಯಿತು, ಗದ್ದೆಗಳೆಷ್ಟೋ ಪಾಳುಬಿದ್ದುವು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ಬೇಟೆಯ ಸಂಪ್ರದಾಯಕ್ಕೆ ತಡೆಯುಂಟಾಯಿತು. ಪಂದಿ ಕರಿಗೆ ಸಾಕಿದ ಹಂದಿಯೇ ಗತಿಯಾಯಿತು. ಇಂತಹ ಮಾರ್ಪಾಟಿನಲ್ಲಿ ಅನೌಚಿತ್ಯವೇನೂ ಇಲ್ಲ. ಕಾಡುಹಂದಿಯ ಸ್ಥಾನದಲ್ಲಿ ಸಾಕುಹಂದಿಯು ಬಂದುದನ್ನು ಪುಸ್ತಕವು ತಿಳಿಸಿದರೆ ಸಾಕು; ತಿಳಿಸದೆ ಬೇಟೆಯ ವೈಭವವನ್ನು ಈಗಲೂ ನಡೆಯುವಂತೆ ಬಣ್ಣಿಸಿದರೆ ಅದು ಸುಳ್ಳಾಗುತ್ತದೆ. ಬದಲಾದುದನ್ನು ಬದಲಾಯಿತೆಂದು ಹೇಳುವುದೂ ಔಚಿತ್ಯದ ಒಂದು ಭಾಗವೇ ಸರಿ.

ಮುಂದೆ ಕೊಡಗಿನ ಪಾಕವನ್ನು ಕುರಿತು ಕನ್ನಡದಲ್ಲಿ ಬರೆಯುವವರಿಂದ ವಾಚಕರು ಮೂರನ್ನು ಅಪೇಕ್ಷಿಸಬಹುದು. ಪದಾರ್ಥಕ್ಕೆ ಅದರ ನಾಡಿನ ಹೆಸರಿರಬೇಕು. ಆ ಹೆಸರಿನ ಪಕ್ಕದಲ್ಲಿ ಅದರ ತಿಂಗಳಿರಬೇಕು. ಅದನ್ನು ಹೇಳಿಕೊಟ್ಟ ಕೈಯ ಸ್ಮರಣೆಯಿರಬೇಕು. ಇವುಗಳ ಜೊತೆಗೆ ಅಳತೆಯೂ ಇರಲಿ. ಪಟ್ಟೋಲೆ ಪಳಮೆಯೊಂದು ಕಡೆ, ಪಾಕಪುಸ್ತಕವೊಂದು ಕಡೆ ಎಂದು ಅಗಲಿರುವ ಈ ಎರಡೂ ಒಂದೇ ಹೊತ್ತಗೆಯಲ್ಲಿ ಕೂಡಿದ ದಿನ ಕನ್ನಡಕ್ಕೆ ಒಂದು ನಿಜವಾದ ಗಿರಿಪಾಕಗ್ರಂಥವು ದೊರೆಯುವುದು. ಅಲ್ಲಿಯವರೆಗೆ ಕಾಚಂಪುಳಿಯ ಸೀಸೆಯನ್ನು ಅಂಗಡಿಯಿಂದ ತಂದ ಮನೆಯವರು ಅದರ ಮೇಲಿನ ಚೀಟಿಯಲ್ಲಿ ಬೆಲೆಯನ್ನಷ್ಟೇ ಓದಿಕೊಳ್ಳಬೇಕಾಗಿದೆ. ಮಳೆಯಲ್ಲಿ ನೆನೆದು ಹಣ್ಣನ್ನಾಯ್ದವರ ಮಾತು ಆ ಚೀಟಿಯಲ್ಲಿ ಇರುವುದಿಲ್ಲ.